ಹಸುವಿನ ಹೊಟ್ಟೆ ಹುಳಿಯಾಗುತ್ತಿದೆಯೇ? ನೋಡುವುದು, ಅಳೆಯುವುದು, ಮೇವಿನಲ್ಲೇ ತಿದ್ದುವುದು

"ಡೈರಿಯಲ್ಲಿ ಫ್ಯಾಟ್ ಬೀಳ್ತಾ ಇದೆ, ಸಗಣಿ ನೀರಾಗಿದೆ, ಅಡುಗೆ ಸೋಡಾ ಹಾಕಿದೆ. ಎರಡು ದಿನ ಸರಿಯಿತ್ತು, ಮತ್ತೆ ಶುರುವಾಯ್ತು." ಹಸು ಸಾಕುವವರಿಂದ ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಇದೇ ಮಾತು. ಹಾಲಿನ ಕೊಬ್ಬು (ಫ್ಯಾಟ್) ಇಳಿಯುವುದು, ಸಗಣಿ ನೀರಾಗುವುದು ಹೊಟ್ಟೆಯಲ್ಲಿ ಹುಳಿ ಹೆಚ್ಚಿದ ಲಕ್ಷಣವಾಗಿರಬಹುದು, ಆ ಹುಳಿ ತಗ್ಗಿಸಲೆಂದೇ ಸೋಡಾ ಹಾಕುತ್ತಾರೆ. ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಕೊನೆಗೆ ಮಾಡಬೇಕಾದ ಕೆಲಸವನ್ನು ಮೊದಲು ಮಾಡುತ್ತಾರೆ, ಅಳೆಯಬಾರದ ಹೊತ್ತಿನಲ್ಲಿ ಅಳೆಯುತ್ತಾರೆ. ಅದಕ್ಕೇ ಕ್ರಮವಾಗಿ ಬರೆಯುತ್ತಿದ್ದೇನೆ. ನಿಮ್ಮ ಹಸು ಈಗಾಗಲೇ ಮೇವು ಬಿಟ್ಟು ಮಂಕಾಗಿದ್ದರೆ ಮೇಲಿನದನ್ನೆಲ್ಲ ಬಿಟ್ಟು ನೇರವಾಗಿ ಹಂತ 8ಕ್ಕೆ ಹೋಗಿ.

ಶುರು ಮಾಡುವ ಮೊದಲು ಒಂದು ಮಾತು. ದಾಣಿ ತಿಂದ ಎರಡರಿಂದ ನಾಲ್ಕು ಗಂಟೆಯಲ್ಲಿ ದೊಡ್ಡ ಹೊಟ್ಟೆಯ (ಹಸುವಿನ ನಾಲ್ಕು ಹೊಟ್ಟೆಗಳಲ್ಲಿ ಮೊದಲನೆಯದರ) ಹುಳಿ ಏರುತ್ತದೆ, ಹಸು ಮೆಲುಕು ಹಾಕಿದಂತೆ ಜೊಲ್ಲು ಇಳಿದು ಅದು ತಗ್ಗುತ್ತದೆ. ಬೆಳೆದ ಹಸು ದಿನಕ್ಕೆ 100 ಲೀಟರಿಗೂ ಮೀರಿ ಜೊಲ್ಲು ಸುರಿಸುತ್ತದೆ. ಅದರ ಜೊತೆ ಹೊಟ್ಟೆಗೆ ಇಳಿಯುವ ಸೋಡಾ ಸುಮಾರು ಒಂದು ಕೆಜಿ, ಕೆಲವೊಮ್ಮೆ ಅದಕ್ಕೂ ಹೆಚ್ಚು. ನೀವು ಅಂಗಡಿಯಿಂದ ತಂದು ಹಾಕುವುದು 100 ಗ್ರಾಂ. ಹಸು ಜಗಿಯುವುದನ್ನು ನಿಲ್ಲಿಸಿದ್ದರೆ ಆ 100 ಗ್ರಾಂ ಯಾವ ಲೆಕ್ಕ?

## ಬೇಕಾಗುವ ಸಾಮಾನು

ನೇತುಹಾಕುವ ತಕ್ಕಡಿ, ಒಂದು ನೋಟ್‌ಬುಕ್, ಮೊಬೈಲಿನ ಟೈಮರ್, ಕೊಟ್ಟಿಗೆಗೆಂದೇ ಎತ್ತಿಟ್ಟ ಒಂದು ಹಳೆಯ ಹಿಟ್ಟಿನ ಜರಡಿ, ಡೈರಿಯ ಹಾಲಿನ ಚೀಟಿಗಳು. ಹುಳಿ ಅಳೆಯುವ ಪಿಎಚ್ ಪೇಪರ್ ತರುವುದಾದರೆ 5ರಿಂದ 8ರವರೆಗೆ ಸಣ್ಣ ಸಣ್ಣ ಅಂತರದಲ್ಲಿ ಬಣ್ಣ ತೋರಿಸುವಂಥದ್ದೇ ಬೇಕು. 1ರಿಂದ 14ರವರೆಗೆ ತೋರಿಸುವ ಸಾದಾ ಪೇಪರಿನಲ್ಲಿ 5.5 ಯಾವುದು, 6 ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ, ನಮಗೆ ಬೇಕಾದ ಅಂತರವೋ ಅಷ್ಟೇ.

## ಹಂತ 1: ಮೂರು ದಿನ ಏನನ್ನೂ ಬದಲಿಸದೆ ತೂಗಿ ಬರೆಯಿರಿ

ಈ ಮೂರು ದಿನ ಸೋಡಾ ಬೇಡ, ಹೊಸ ಪೌಡರ್ ಬೇಡ. ಯಾವ ಹಸುವಿಗೆ ಎಷ್ಟು ಗಂಟೆಗೆ ಏನು ಹಾಕಿದಿರಿ, ಎಷ್ಟು ಕೆಜಿ, ಗೋದಲಿಯಲ್ಲಿ ಎಷ್ಟು ಉಳಿಯಿತು, ಅಷ್ಟನ್ನೇ ಬರೆಯಿರಿ.

ಮಗ್ಗಿನ ಲೆಕ್ಕ ಇಲ್ಲಿ ನಡೆಯದು. ಒಂದು ಮಗ್ ಬೂಸಾಕ್ಕೂ ಒಂದು ಮಗ್ ಮುಸುಕಿನ ಜೋಳದ ನುಚ್ಚಿಗೂ ತೂಕದಲ್ಲಿ ಎರಡು ಪಟ್ಟಿಗೂ ಮೀರಿ ವ್ಯತ್ಯಾಸ ಬರಬಹುದು. "ನಾನು ಮೊದಲಿನಷ್ಟೇ ಹಾಕ್ತಿದ್ದೀನಿ" ಎನ್ನುವವರು ಬೂಸಾ ಬಿಟ್ಟು ನುಚ್ಚಿಗೆ ಬದಲಾಗಿರುತ್ತಾರೆ, ಮಗ್ ಮಾತ್ರ ಅದೇ ಇರುತ್ತದೆ.

ಕಲಗಚ್ಚಿನ ಬಾನಿಯನ್ನು ಮರೆಯಬೇಡಿ. ಅನ್ನ, ಗಂಜಿ, ಮುದ್ದೆಯ ತುಂಡು, ಬಾಳೆಹಣ್ಣು, ಎಲ್ಲವೂ ಲೆಕ್ಕಕ್ಕೆ ಬರಬೇಕು. ಮನೆಯಲ್ಲಿ ಯಾರು ಯಾವಾಗ ಏನು ಸುರಿದರು ಎಂದು ಕೇಳಿ ಬರೆದುಕೊಳ್ಳಿ. ಪಕ್ಕದೂರಿನ ಅಕ್ಕ ಒಬ್ಬರ ಹಸುವಿಗೆ ಎರಡು ತಿಂಗಳು ಭೇದಿ ನಿಂತಿರಲಿಲ್ಲ. ಮಧ್ಯಾಹ್ನ ಅವರ ಅತ್ತೆ ಪ್ರೀತಿಯಿಂದ ದಿನಾ ಒಂದು ಪಾತ್ರೆ ಅನ್ನ ಹಾಕುತ್ತಿದ್ದರು, ಅದು ಯಾರ ಲೆಕ್ಕದಲ್ಲೂ ಇರಲಿಲ್ಲ.

## ಹಂತ 2: ಒಣ ತೂಕದಲ್ಲಿ ಲೆಕ್ಕ ಹಾಕಿ

ಹಸಿ ಹುಲ್ಲಿನಲ್ಲಿ ಹೆಚ್ಚಿನ ಪಾಲು ನೀರು. ಆದ್ದರಿಂದ ತೂಕವನ್ನು ಹಾಗೇ ಕೂಡಿಸಿದರೆ ಮೋಸ ಹೋಗುತ್ತೀರಿ. ಅಂದಾಜಿಗೆ ಹೀಗೆ ಹಿಡಿಯಿರಿ: ನೇಪಿಯರ್‌ನಂಥ ಹಸಿ ಮೇವಿನ ತೂಕದಲ್ಲಿ ಐದರಲ್ಲಿ ಒಂದು ಪಾಲು, ಒಣ ಹುಲ್ಲು ಮತ್ತು ದಾಣಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಒಣ ತೂಕ. ದಾಣಿ ಎಂದರೆ ಚೀಲದ ಪಶು ಆಹಾರ, ಬೂಸಾ, ಹಿಂಡಿ, ನುಚ್ಚು, ತೌಡು ಎಲ್ಲವೂ.

ಸುಮಾರು 400 ಕೆಜಿಯ, ದಿನಕ್ಕೆ 12 ಲೀಟರ್ ಕೊಡುವ ಮಿಶ್ರತಳಿ ಹಸು ಎಂದುಕೊಳ್ಳಿ. 25 ಕೆಜಿ ನೇಪಿಯರ್, 3 ಕೆಜಿ ರಾಗಿ ಹುಲ್ಲು, 6 ಕೆಜಿ ದಾಣಿ. ಒಣ ತೂಕದಲ್ಲಿ 5, 2.7, 5.4. ಒಟ್ಟು 13.1 ಕೆಜಿಯಲ್ಲಿ ಹುಲ್ಲಿನ ಪಾಲು 7.7, ಅಂದರೆ ನೂರಕ್ಕೆ 59. ಇದು ನೆಮ್ಮದಿಯ ಲೆಕ್ಕ.

ಬೇಸಿಗೆಯಲ್ಲಿ ಅದೇ ಹಸುವಿಗೆ ಹಸಿ ಮೇವು 10 ಕೆಜಿಗೆ ಇಳಿಯಿತು, ಹಾಲು ಬೀಳಬಾರದೆಂದು ದಾಣಿ 8 ಕೆಜಿಗೆ ಏರಿಸಿದಿರಿ. ಈಗ ಹುಲ್ಲಿನ ಪಾಲು 4.7, ದಾಣಿ 7.2. ಹುಲ್ಲು ನೂರಕ್ಕೆ 40 ಕೂಡ ಮುಟ್ಟಲಿಲ್ಲ. ಏರಿಸಿದ್ದು ಬರೀ ಎರಡು ಕೆಜಿ ದಾಣಿ ಅನ್ನಿಸುತ್ತದೆ. ಆದರೆ ತಟ್ಟೆಯೇ ತಲೆಕೆಳಗಾಗಿದೆ. ಒಣ ತೂಕದಲ್ಲಿ ಹುಲ್ಲು 60, ದಾಣಿ 40ರ ಆಸುಪಾಸು ಇರಲಿ. ಹುಲ್ಲು ಅರ್ಧಕ್ಕಿಂತ ಕೆಳಗಿಳಿದರೆ ಮುಂದಿನ ಹಂತಗಳನ್ನು ಆ ಹಸುವಿನಿಂದಲೇ ಶುರು ಮಾಡಿ.

ರಸಮೇವು (ಸೈಲೇಜ್, ಗಾಳಿಯಾಡದಂತೆ ಮುಚ್ಚಿಟ್ಟು ಹುಳಿ ಬರಿಸಿದ ಹಸಿ ಮೇವು) ಕೊಳ್ಳುವವರಿಗೊಂದು ಎಚ್ಚರಿಕೆ. ರಸಮೇವು ತಾನೇ ಹುಳಿ, ಅದರ ಪಿಎಚ್ 4ರ ಹತ್ತಿರ ಇರುತ್ತದೆ. ತೆನೆ ಸಮೇತ ಮಾಡಿದ್ದರೆ ಕಾಳೂ ಸೇರಿರುತ್ತದೆ. ಒಳ್ಳೆಯ ಮೇವೇ ಸರಿ, ಆದರೆ ಅದು ಬಂತೆಂದು ಒಣ ಹುಲ್ಲನ್ನು ಪೂರ್ತಿ ಬಿಡಬೇಡಿ.

## ಹಂತ 3: ಮೆಲುಕು ಎಣಿಸಿ

ದುಡ್ಡು ಖರ್ಚಿಲ್ಲದ, ಎಲ್ಲಕ್ಕಿಂತ ಬೇಗ ಸುಳಿವು ಕೊಡುವ ಪರೀಕ್ಷೆ ಇದು. ಜನ ಬಿಟ್ಟುಬಿಡುವುದೂ ಇದನ್ನೇ.

ಮೇವು ತಿಂದು ಎರಡು ಗಂಟೆಯಾದ ಮೇಲೆ, ಹಸುಗಳು ಆರಾಮಾಗಿ ಮಲಗಿರುವಾಗ ಸದ್ದಿಲ್ಲದೆ ಹೋಗಿ ಕುಳಿತುಕೊಳ್ಳಿ. ಒಂದು ಹಸುವಿನ ಕುತ್ತಿಗೆಯನ್ನೇ ನೋಡಿ. ಮೆಲುಕಿನ ಉಂಡೆ ಕೆಳಗಿಂದ ಮೇಲಕ್ಕೆ ಸರ್ರನೆ ಏರಿ ಬರುವುದು ಚರ್ಮದ ಅಡಿಯಲ್ಲೇ ಕಾಣುತ್ತದೆ. ಆಗ ಟೈಮರ್ ಒತ್ತಿ, ದವಡೆ ಎಷ್ಟು ಸಲ ತಿರುಗಿತು ಎಣಿಸಿ. ಆಮೇಲೆ ಒಂದು ಗಳಿಗೆ ದವಡೆ ನಿಲ್ಲುತ್ತದೆ, ಉಂಡೆ ಇಳಿಯುತ್ತದೆ, ಇನ್ನೊಂದು ಏರುತ್ತದೆ. ಹೀಗೆ ಮೂರು ಉಂಡೆ ಎಣಿಸಿ ಸರಾಸರಿ ಬರೆಯಿರಿ.

ಒಂದು ಉಂಡೆಗೆ 50ರಿಂದ 70 ಸಲ ಜಗಿದರೆ ಸರಿ. 45ಕ್ಕಿಂತ ಕೆಳಗೆ ಬಂದರೆ ಹೊಟ್ಟೆಯಲ್ಲಿ ಜಗಿಯಬೇಕಾದ ನಾರು ಸಾಲದು ಎಂದರ್ಥ. ಮಲಗಿ ವಿಶ್ರಾಂತಿ ಪಡೆಯುತ್ತಿರುವ ಹಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೆಲುಕು ಹಾಕುತ್ತಿರಬೇಕು. ಆರೋಗ್ಯದ ಹಸು ದಿನಕ್ಕೆ ಏಳೆಂಟು ಗಂಟೆ ಮೆಲುಕಿನಲ್ಲೇ ಕಳೆಯುತ್ತದೆ.

ಹಾಗೇ ಎದ್ದು ಹಸುವಿನ ಎಡಪಕ್ಕೆಯ ಗುಳಿಯಲ್ಲಿ ಮುಷ್ಟಿ ಒತ್ತಿ ಹಿಡಿಯಿರಿ. ಎರಡು ನಿಮಿಷದಲ್ಲಿ ಎರಡು ಮೂರು ಸಲ ಹೊಟ್ಟೆ ಅಲೆಯಂತೆ ಎದ್ದು ಮುಷ್ಟಿಯನ್ನು ಹೊರಕ್ಕೆ ತಳ್ಳಬೇಕು. ಒಂದೂ ಬರಲಿಲ್ಲ, ಅಥವಾ ತಳ್ಳಿದರೆ ಒಳಗೆ ನೀರು ಕುಲುಕಿದ ಸದ್ದು ಬಂತು ಎಂದರೆ ಡಾಕ್ಟರಿಗೆ ಫೋನ್ ಮಾಡಿ.

## ಹಂತ 4: ಸಗಣಿಯನ್ನು ತೊಳೆದು ನೋಡಿ

ಮೇಲ್ನೋಟಕ್ಕೆ ಸಗಣಿ ನೋಡುವುದು ಎಲ್ಲರಿಗೂ ಗೊತ್ತು. ಹಸು ಹಾಕಿದ ಸಗಣಿ ಒಂದರ ಮೇಲೊಂದು ಮಡಿಕೆಯಾಗಿ ಎರಡು ಮೂರು ಬೆರಳು ಎತ್ತರ ನಿಲ್ಲಬೇಕು. ಹರಡಿ ಹೋದರೆ, ನೊರೆ ಗುಳ್ಳೆ ಕಂಡರೆ, ಬೂದು ಬಣ್ಣಕ್ಕೆ ತಿರುಗಿ ಹುಳಿವಾಸನೆ ಬಂದರೆ ಅನುಮಾನ ಪಡಿ. ಒಂದೇ ಕೊಟ್ಟಿಗೆಯಲ್ಲಿ ಒಂದೇ ಮೇವು ತಿನ್ನುವ ಹಸುಗಳ ಸಗಣಿ ಒಂದೊಂದು ಥರ ಇರುವುದೂ ಕೆಟ್ಟ ಲಕ್ಷಣವೇ. ಯಾವುದೋ ಹಸು ದಾಣಿಯನ್ನಷ್ಟೇ ಆರಿಸಿ ತಿನ್ನುತ್ತಿದೆ.

ತೊಳೆದು ನೋಡಿದರೆ ಇನ್ನೂ ಹೆಚ್ಚು ತಿಳಿಯುತ್ತದೆ. ಎರಡು ಹಿಡಿ ತಾಜಾ ಸಗಣಿಯನ್ನು ಜರಡಿಗೆ ಹಾಕಿ, ಸಣ್ಣಗೆ ನೀರು ಬಿಡುತ್ತಾ ನೀರು ತಿಳಿಯಾಗುವವರೆಗೆ ತೊಳೆಯಿರಿ. ಉಳಿದದ್ದನ್ನು ಅಂಗೈಯಲ್ಲಿ ಹರಡಿ. ಮುರಿದ ಜೋಳದ ಹಳದಿ ಚೂರು, ಒಳಗೆ ಬಿಳಿ ಹಿಟ್ಟಿನ ಸಮೇತ ಎಷ್ಟಿವೆ? ಬೆರಳಲ್ಲಿ ಒತ್ತಿದರೆ ಹಿಟ್ಟು ಹೊರಬಂದರೆ ನೀವು ದುಡ್ಡು ಕೊಟ್ಟು ತಂದ ದಾಣಿ ಜೀರ್ಣವಾಗದೆ ಹೊರಬಂದಿದೆ. ಹುಲ್ಲಿನ ಎಳೆ ಅರ್ಧ ಬೆರಳಿಗಿಂತ ಉದ್ದ ಉಳಿದಿದ್ದರೆ ಮೆಲುಕು ಸರಿಯಾಗಿಲ್ಲ. ಲೋಳೆಯ ಪೊರೆ, ಚರ್ಮ ಸುಲಿದಂಥ ಬಿಳಿ ಎಳೆ ಕಂಡರೆ ಹುಳಿ ಕರುಳಿನವರೆಗೂ ಇಳಿದು ಒಳಗೋಡೆಯನ್ನು ಕೆಡಿಸಿದೆ. ಆ ದಿನವೇ ನುಚ್ಚು ಕಡಿಮೆ ಮಾಡಿ.

ಸಗಣಿ ನೀರಾಗಲು ಜಂತುಹುಳ, ಬೂಸ್ಟು ಹಿಡಿದ ಮೇವು, ಎಳೆ ಹಸಿ ಹುಲ್ಲು ಕೂಡ ಕಾರಣವಾಗಬಹುದು. ಸಗಣಿಯೊಂದನ್ನೇ ನೋಡಿ ತೀರ್ಮಾನಿಸಬೇಡಿ, ಮೆಲುಕಿನ ಲೆಕ್ಕವನ್ನು ಪಕ್ಕದಲ್ಲಿಟ್ಟು ಓದಿ.

## ಹಂತ 5: ಹಾಲಿನ ಚೀಟಿ ಓದುವುದು

ಒಂದು ದಿನದ ಫ್ಯಾಟ್ ನೋಡಿ ಹೆದರುವ ಅಗತ್ಯವಿಲ್ಲ. ಬೆಳಗಿನದನ್ನೂ ಸಂಜೆಯದನ್ನೂ ಬೇರೆ ಬೇರೆ ಬರೆದು ಹತ್ತು ದಿನದ ಸರಾಸರಿ ತೆಗೆಯಿರಿ. ಮೊದಲು 3.8 ಇದ್ದದ್ದು 3.2ಕ್ಕೆ ಬಂದು ಅಲ್ಲೇ ನಿಂತರೆ ಅದು ಸುಳಿವು.

ಹೊಟ್ಟೆಯ ಮೇಲೆ ತಪ್ಪು ಹೊರಿಸುವ ಮೊದಲು ಕರೆಯುವ ಕೈಯನ್ನು ನೋಡಿ. ಕೊನೆಯ ಹಾಲಿನಲ್ಲೇ ಕೊಬ್ಬು ಹೆಚ್ಚು. ಅದನ್ನು ಕರುವಿಗೆ ಬಿಟ್ಟರೆ, ಅವಸರದಲ್ಲಿ ಪೂರ್ತಿ ಕರೆಯದೆ ಎದ್ದರೆ ಫ್ಯಾಟ್ ಬಿದ್ದೇ ಬೀಳುತ್ತದೆ. ಕ್ಯಾನಿನಲ್ಲಿ ಎಲ್ಲ ಹಸುಗಳ ಹಾಲೂ ಬೆರೆಯುವುದರಿಂದ ಒಂದು ಹಸುವಿನ ತೊಂದರೆ ಚೀಟಿಯಲ್ಲಿ ಮುಚ್ಚಿಹೋಗುವುದೂ ಉಂಟು. ಅನುಮಾನದ ಹಸುವಿನ ಹಾಲನ್ನು ಬೇರೆ ತೆಗೆದುಕೊಂಡು ಹೋಗಿ ನೋಡಿಸಿ.

## ಹಂತ 6: ಪಿಎಚ್ ಅಳೆಯುವುದು, ಸರಿಯಾದ ಹೊತ್ತಿಗೆ

ಮೊದಲು ಗೊಂದಲ ಬಿಡಿಸಿಕೊಳ್ಳಿ. ಪಿಎಚ್ ಸಂಖ್ಯೆ ಇಳಿದರೆ ಹುಳಿ ಏರಿತು ಎಂದರ್ಥ. 7 ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ.

ತುಂಬ ಜನ ಹಸುವಿನ ಬಾಯಿಂದ ಜೊಲ್ಲೋ ಮೆಲುಕಿನ ತುಣುಕೋ ತೆಗೆದು ಪೇಪರ್ ಅದ್ದುತ್ತಾರೆ. ಜೊಲ್ಲು ಸೋಡಾದ ನೀರಿದ್ದಂತೆ, ಅದರ ಪಿಎಚ್ ಸದಾ 8ರ ಮೇಲೆ. ಹೊಟ್ಟೆ ಸುಡುತ್ತಿದ್ದರೂ ಪೇಪರ್ "ಎಲ್ಲ ಸರಿ" ಎನ್ನುತ್ತದೆ. ಸಗಣಿಗೆ ಅದ್ದಿದರೂ ದೊಡ್ಡ ಹೊಟ್ಟೆಯ ಸುದ್ದಿ ನಂಬಿಕೆಯಿಂದ ಸಿಗದು. ಗಂಜಳವನ್ನು ಮಾತ್ರ ಮನೆಯಲ್ಲೇ ನೋಡಬಹುದು. ಹಸಿ ಮೇವು ತಿನ್ನುವ ಹಸುವಿನ ಗಂಜಳ ಸಾಮಾನ್ಯವಾಗಿ 8ರ ಆಸುಪಾಸು ಇರುತ್ತದೆ, ಜೋರು ಹುಳಿಯಾದಾಗ ಇಳಿಯುತ್ತದೆ. ಆದರೆ ಸಣ್ಣ ಪ್ರಮಾಣದ, ದಿನಾ ಬಂದು ಹೋಗುವ ಹುಳಿಯನ್ನು ಗಂಜಳ ತೋರಿಸುವುದಿಲ್ಲ.

ಹೊಟ್ಟೆಯ ರಸ ತೆಗೆಯುವುದು ಪಶುವೈದ್ಯರ ಕೆಲಸ. ನೀವು ಟ್ಯೂಬ್ ತೂರಿಸಲು ಹೋಗಬೇಡಿ, ಅದು ಶ್ವಾಸಕೋಶಕ್ಕೆ ಇಳಿದರೆ ಹಸು ಉಳಿಯುವುದಿಲ್ಲ. ಡಾಕ್ಟರು ಬರುವ ಮೊದಲು ನೀವು ಮಾಡಬೇಕಾದದ್ದು ಇಷ್ಟು:

1. ದಾಣಿ ಹಾಕಿದ ಗಂಟೆ ತಿಳಿಸಿ, ಎರಡರಿಂದ ನಾಲ್ಕು ಗಂಟೆಯ ನಡುವೆ ಬರುವಂತೆ ಕೇಳಿಕೊಳ್ಳಿ. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ತೆಗೆದರೆ ರೋಗದ ಹಸುವಿನದ್ದೂ ಚೆನ್ನಾಗೇ ಕಾಣುತ್ತದೆ.
2. ಕರು ಹಾಕಿ ಎರಡು ವಾರದಿಂದ ಎರಡು ತಿಂಗಳೊಳಗಿನ ಹಸು, ಅತಿ ಹೆಚ್ಚು ಹಾಲಿನ ಹಸು, ಇವನ್ನೇ ಆರಿಸಿ. ಹಾಲು ಬತ್ತಿದ ಗಬ್ಬದ ಹಸುವನ್ನು ನೋಡಿ ಪ್ರಯೋಜನವಿಲ್ಲ.
3. ಟ್ಯೂಬಿನಲ್ಲಿ ಮೊದಲು ಬಂದ ಲೋಟದಷ್ಟು ರಸ ಚೆಲ್ಲಿಸಿ. ಅದರಲ್ಲಿ ಜೊಲ್ಲು ಬೆರೆತಿರುತ್ತದೆ.
4. ಉಳಿದ ರಸಕ್ಕೆ ಅಲ್ಲೇ, ಆಗಲೇ ಪೇಪರ್ ಅದ್ದಿ. ತೆರೆದಿಟ್ಟರೆ ಗಾಳಿ ಹೊರಟು ಪಿಎಚ್ ಏರುತ್ತದೆ.

6ರಿಂದ 7ರ ನಡುವೆ ಇದ್ದರೆ ನೆಮ್ಮದಿ. ಪಕ್ಕೆಗೆ ಸೂಜಿ ಹಾಕಿ ತೆಗೆದ ರಸ 5.5 ಅಥವಾ ಅದಕ್ಕಿಂತ ಕಡಿಮೆ, ಟ್ಯೂಬಿನಿಂದ ತೆಗೆದದ್ದು 5.8 ಅಥವಾ ಕಡಿಮೆ ಬಂದರೆ ಒಳಗೊಳಗೇ ಹುಳಿ ಕೂತಿದೆ. ಜೊಲ್ಲು ಬೆರೆಯುವ ಕಾರಣಕ್ಕೇ ಎರಡಕ್ಕೂ ಈ ಅಂತರ. 5ರ ಕೆಳಗೆ ಬಂದರೆ ತುರ್ತು. ರಸದ ಬಣ್ಣವನ್ನೂ ನೋಡಿಕೊಳ್ಳಿ. ಹಸಿರು, ಕಂದುಹಸಿರು ಸರಿ. ಹಾಲು ಬೆರೆಸಿದಂಥ ಬೂದು, ಮೂಗಿಗೆ ಹೊಡೆಯುವ ಹುಳಿವಾಸನೆ ಸರಿಯಲ್ಲ.

ದೊಡ್ಡ ಫಾರಂಗಳಲ್ಲಿ ಹಸುವಿಗೆ ಬೋಲಸ್ (ಪಿಎಚ್ ಅಳೆಯುವ ದೊಡ್ಡ ಮಾತ್ರೆಯಂಥ ಸಾಧನ) ನುಂಗಿಸಿ ದಿನವಿಡೀ ಪಿಎಚ್ ನೋಡುತ್ತಾರೆ. ಅದು ಕೂರುವುದು ಎರಡನೆಯ ಹೊಟ್ಟೆಯಲ್ಲಿ, ಅಲ್ಲಿ ಪಿಎಚ್ ಸ್ವಲ್ಪ ಹೆಚ್ಚೇ ತೋರಿಸುತ್ತದೆ. ಕೆಲವು ತಿಂಗಳ ಮೇಲೆ ಅದರ ಓದು ಜಾರುತ್ತದೆ. ನಾಲ್ಕಾರು ಹಸುವಿನವರಿಗೆ ಆ ಖರ್ಚು ಬೇಡ.

## ಹಂತ 7: ಮೇವು ತಿದ್ದುವ ಕ್ರಮ

ಒಂದು ಸಲಕ್ಕೆ ಒಂದೇ ಬದಲಾವಣೆ, ಅದಾದ ಮೇಲೆ ಒಂದು ವಾರ ಕಾಯುವುದು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗದೆ ಮುಂದಿನ ಬೇಸಿಗೆಗೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಮೊದಲು ಹುಲ್ಲು, ಆಮೇಲೆ ದಾಣಿ. ಬೆಳಿಗ್ಗೆ ಎದ್ದ ಕೂಡಲೇ ಬರಿ ಹೊಟ್ಟೆಗೆ ದಾಣಿ ಇಟ್ಟು ಹಾಲು ಕರೆಯುವುದು ನಮ್ಮ ಕಡೆಯ ರೂಢಿ. ಅರ್ಧ ಗಂಟೆ ಮುಂಚೆ ಒಂದೆರಡು ಕೆಜಿ ಒಣ ಹುಲ್ಲು ಹಾಕಿ. ಇಷ್ಟರಿಂದಲೇ ಎಷ್ಟೋ ಹಸುಗಳ ಸಗಣಿ ಒಂದು ವಾರದಲ್ಲಿ ಗಟ್ಟಿಯಾದದ್ದನ್ನು ಕಂಡಿದ್ದೇನೆ.

ದಾಣಿಯನ್ನು ಒಡೆಯಿರಿ. ಒಂದು ಹೊತ್ತಿಗೆ 2 ಕೆಜಿ ಮೀರಬೇಡಿ. 6 ಕೆಜಿ ಕೊಡುವವರು ಮೂರು ಹೊತ್ತು ಮಾಡಿ. ಕತ್ತರಿಸಿದ ಮೇವಿನ ಜೊತೆ ಕಲಸಿ ಕೊಟ್ಟರೆ ಇನ್ನೂ ಒಳ್ಳೆಯದು.

ಮೇವು ಪುಡಿಯಾಗದಿರಲಿ. ಕತ್ತರಿಸುವ ಯಂತ್ರದಿಂದ ಹೊರಬರುವ ತುಂಡು ಒಂದರಿಂದ ಒಂದೂವರೆ ಇಂಚು ಇರಬೇಕು. ಅರ್ಧ ಇಂಚಿಗಿಂತ ಸಣ್ಣಗೆ ಹೊಡೆದ ಹುಲ್ಲು ತೂಕಕ್ಕೆ ಹುಲ್ಲೇ, ಹಸುವಿಗೆ ಮಾತ್ರ ಜಗಿಯಲು ಏನೂ ಇರುವುದಿಲ್ಲ.

ಬೇಯಿಸುವುದನ್ನು ಬಿಡಿ. ನುಚ್ಚು ಬೇಯಿಸಿ ಗಂಜಿ ಮಾಡಿ ಕುಡಿಸಿದರೆ ಹಾಲು ಹೆಚ್ಚುತ್ತದೆ ಎಂಬ ನಂಬಿಕೆ ಬಲವಾಗಿದೆ. ಬೆಂದ ಹಿಟ್ಟು ಹೊಟ್ಟೆಯಲ್ಲಿ ಹಸಿ ನುಚ್ಚಿಗಿಂತ ಬಹಳ ಬೇಗ ಹುಳಿಯಾಗುತ್ತದೆ. ನುಣ್ಣಗೆ ಬೀಸಿದ್ದೂ ಹಾಗೆಯೇ. ಜೋಳವನ್ನು ಒರಟಾಗಿ ಒಡೆಸಿ, ಪಾಲು ಕಡಿಮೆ ಮಾಡಿ, ಆ ಜಾಗಕ್ಕೆ ಹತ್ತಿಕಾಳು ಹಿಂಡಿಯಂಥ ನಿಧಾನದ್ದನ್ನು ತನ್ನಿ.

ಬದಲಾವಣೆಗೆ ಎರಡರಿಂದ ಮೂರು ವಾರ ಕೊಡಿ. ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ಹೊಸ ದಾಣಿ ರೂಢಿಯಾಗಲು ಅಷ್ಟು ಕಾಲ ಬೇಕು. ಕರು ಹಾಕುವ ಮೂರು ವಾರ ಮೊದಲೇ ಸ್ವಲ್ಪ ಸ್ವಲ್ಪ ದಾಣಿ ಶುರು ಮಾಡಿ. ಕರು ಹಾಕಿದ ಮೇಲೆ ದಿನಕ್ಕೆ ಕಾಲು ಕೆಜಿಯಂತೆ ಏರಿಸಿ. "ಕರು ಹಾಕಿದೆ, ಹಾಲು ಹೆಚ್ಚಿಸಬೇಕು" ಎಂದು ಮೂರೇ ದಿನದಲ್ಲಿ 6 ಕೆಜಿಗೆ ಏರಿಸಿದ ಹಸುಗಳನ್ನೇ ನಾನು ಕಾಯಿಲೆ ಬಿದ್ದು ಹೆಚ್ಚು ನೋಡಿರುವುದು.

ಸೋಡಾ ಈಗ. ಮೇಲಿನವೆಲ್ಲ ಆದ ಮೇಲೂ ದಾಣಿ ಹೆಚ್ಚು ಕೊಡಲೇಬೇಕಾದ ಹಸು ಇದ್ದರೆ ದಿನಕ್ಕೆ 100ರಿಂದ 150 ಗ್ರಾಂ ಅಡುಗೆ ಸೋಡಾವನ್ನು ಎರಡು ಹೊತ್ತಿನ ದಾಣಿಯಲ್ಲಿ ಹಂಚಿ ಬೆರೆಸಿ. ಬೇಸಿಗೆಯಲ್ಲಿ ಇದು ಹೆಚ್ಚು ಕೆಲಸಕ್ಕೆ ಬರುತ್ತದೆ. ಸೆಕೆಗೆ ಹಸು ತೇಕುತ್ತಾ ಜೊಲ್ಲನ್ನು ನೆಲಕ್ಕೆ ಸುರಿಸಿಬಿಡುತ್ತದೆ, ಹಗಲು ಮೇವು ಬಿಟ್ಟು ಸಂಜೆ ತಂಪಿಗೆ ಒಮ್ಮೆಲೇ ತಿನ್ನುತ್ತದೆ. ಆ ತಿಂಗಳುಗಳಲ್ಲಿ ಹುಲ್ಲನ್ನು ರಾತ್ರಿ ಮತ್ತು ನಸುಕಿಗೆ ಸರಿಸಿ. ನೀರಿನ ತೊಟ್ಟಿ ಬರಿದಾಗದಿರಲಿ.

ವಾರ ಕಳೆದ ಮೇಲೆ ಮತ್ತೆ ಮೆಲುಕು ಎಣಿಸಿ, ಮತ್ತೆ ಸಗಣಿ ತೊಳೆಯಿರಿ. ಫ್ಯಾಟ್ ಏರಲು ಎರಡು ಮೂರು ವಾರ ಬೇಕಾಗಬಹುದು. ಮೆಲುಕು ಅದಕ್ಕೂ ಮೊದಲೇ ಉತ್ತರ ಹೇಳುತ್ತದೆ.

## ಹಂತ 8: ಒಮ್ಮೆಲೇ ಕಾಳು ಅಥವಾ ಅನ್ನ ತಿಂದಾಗ

ಬಲಿಪಾಡ್ಯಮಿಯ ಗೋಪೂಜೆ, ಸಂಕ್ರಾಂತಿ, ಮದುವೆ ಮನೆಯ ಉಳಿದ ಅನ್ನ, ಮಲೆನಾಡಿನಲ್ಲಿ ಬಿದ್ದ ಹಲಸಿನ ಹಣ್ಣು, ಕಟ್ಟು ಬಿಚ್ಚಿಕೊಂಡು ಮುಕ್ಕಿದ ನುಚ್ಚಿನ ಮೂಟೆ. ತಿಂದ ದಿನ ಹಸು ಚೆನ್ನಾಗೇ ಇರುತ್ತದೆ. 12ರಿಂದ 36 ಗಂಟೆಯೊಳಗೆ ಹುಳಿ ರಕ್ತಕ್ಕೆ ಇಳಿದು ಕೆಡುತ್ತದೆ. ಮೇವು ಬಿಡುತ್ತದೆ, ಹಲ್ಲು ಕಡಿಯುತ್ತದೆ, ಹುಳಿವಾಸನೆಯ ನೀರು ಭೇದಿ, ಕಣ್ಣು ಗುಳಿ ಬೀಳುವುದು, ಕುಡಿದಂತೆ ತೂರಾಡುವುದು, ಕೊನೆಗೆ ಮಲಗಿ ಏಳದಿರುವುದು.

ನನ್ನ ಗೌರಿ ಹೋದದ್ದು ಹೀಗೇ. ರಾತ್ರಿ ಹಗ್ಗ ಸಡಿಲವಾಗಿ ಮೂಲೆಯಲ್ಲಿದ್ದ ಜೋಳದ ನುಚ್ಚಿನ ಮೂಟೆಗೆ ಬಾಯಿ ಹಾಕಿದ್ದಳು. ಬೆಳಿಗ್ಗೆ ಮೂಟೆ ಅರ್ಧವಾಗಿತ್ತು, ಅವಳು ಎಂದಿನಂತೆ ನಿಂತಿದ್ದಳು, ಹಾಲೂ ಕೊಟ್ಟಳು. ಬಾಯಾರಿಕೆಯಿಂದ ತೊಟ್ಟಿಯ ನೀರನ್ನೆಲ್ಲ ಕುಡಿದಾಗ ಒಳ್ಳೆಯದೇ ಆಯಿತು ಅಂದುಕೊಂಡೆ. ಸಂಜೆಗೆ ಡಾಕ್ಟರನ್ನು ಕರೆದೆ. ಬೆಳಿಗ್ಗೆಯೇ ಕರೆಯಬೇಕಿತ್ತು. ಮೂರನೆಯ ದಿನ ಅವಳು ಉಳಿಯಲಿಲ್ಲ. ಅದಾಗಿ ಇಷ್ಟು ವರ್ಷವಾದರೂ ಆ ಬೆಳಗಿನ ಹತ್ತು ಗಂಟೆಗಳನ್ನು ಮರೆಯಲಾಗಿಲ್ಲ. ಅದಕ್ಕೆ ಈ ಕ್ರಮವನ್ನು ಕೊಟ್ಟಿಗೆಯ ಗೋಡೆಗೆ ಅಂಟಿಸಿಡಿ ಎಂದು ಕೇಳಿಕೊಳ್ಳುತ್ತೇನೆ.

1. ತಿಂದದ್ದು ಗೊತ್ತಾದ ತಕ್ಷಣ, ಲಕ್ಷಣ ಕಾಣುವ ಮೊದಲೇ ಪಶುವೈದ್ಯರಿಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಏನು ತಿಂದಿತು, ಎಷ್ಟು, ಎಷ್ಟು ಗಂಟೆಗೆ, ಈ ಮೂರನ್ನೂ ಹೇಳಿ.
2. ಉಳಿದ ದಾಣಿ, ಅನ್ನ, ಕಲಗಚ್ಚು ಎಲ್ಲ ತೆಗೆದುಬಿಡಿ. ಒಣ ಹುಲ್ಲು ಮಾತ್ರ ಮುಂದಿಡಿ.
3. ಡಾಕ್ಟರು ಹೇಳುವವರೆಗೆ ಹೊಟ್ಟೆತುಂಬ ನೀರು ಕುಡಿಯಲು ಬಿಡಬೇಡಿ. ಸ್ವಲ್ಪ ಸ್ವಲ್ಪವಾಗಿ ಕೊಡಿ.
4. ಹಸು ನಿಂತಿದ್ದು ಚೆನ್ನಾಗಿ ನುಂಗುತ್ತಿದ್ದರೆ ಸೋಡಾ ನೀರು ಕುಡಿಸಬೇಕೇ, ಎಷ್ಟು ಎಂದು ಫೋನಿನಲ್ಲೇ ಕೇಳಿ. ಮಲಗಿದ ಅಥವಾ ತಲೆ ಜೋತುಬಿದ್ದ ಹಸುವಿನ ಬಾಯಿಗೆ ಏನನ್ನೂ ಸುರಿಯಬೇಡಿ. ಶ್ವಾಸಕೋಶಕ್ಕೆ ಹೋಗುತ್ತದೆ.
5. ಹೊಸದಾಗಿ ಕರು ಹಾಕಿದ ಹಸು ಮಲಗಿಬಿಟ್ಟರೆ ಎಲ್ಲರೂ ಹಾಲು ಜ್ವರ (ಕ್ಯಾಲ್ಸಿಯಂ ಕೊರತೆ) ಎಂದು ಕ್ಯಾಲ್ಸಿಯಂ ಬಾಟಲಿ ಹುಡುಕುತ್ತಾರೆ. ದಾಣಿ ಹೆಚ್ಚು ತಿಂದಿದ್ದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಿ. ಎರಡರ ಚಿಕಿತ್ಸೆಯೂ ಬೇರೆ.

ಚೇತರಿಸಿಕೊಂಡ ಮೇಲೆ ಮೂರು ನಾಲ್ಕು ದಿನ ಒಣ ಹುಲ್ಲೇ ಇರಲಿ. ಸತ್ತುಹೋದ ಸೂಕ್ಷ್ಮಜೀವಿಗಳ ಜಾಗಕ್ಕೆ ಆರೋಗ್ಯದ ಹಸುವಿನ ಹೊಟ್ಟೆಯ ರಸ ಕುಡಿಸುವ ಪದ್ಧತಿಯಿದೆ, ಸಾಧ್ಯವೇ ಎಂದು ಡಾಕ್ಟರನ್ನು ಕೇಳಿ. ಆಮೇಲೆ ಅರ್ಧ ಕೆಜಿ ದಾಣಿಯಿಂದ ಶುರು ಮಾಡಿ ಮೂರು ದಿನಕ್ಕೊಮ್ಮೆ ಅರ್ಧ ಕೆಜಿ ಏರಿಸಿ.

ಮುಂದಿನ ಎರಡು ತಿಂಗಳು ಕಾಲು ನೋಡುತ್ತಿರಿ. ಹುಳಿಯ ಪೆಟ್ಟು ಗೊರಸಿನಲ್ಲಿ ತಡವಾಗಿ ಕಾಣುತ್ತದೆ: ಹಸು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಾ ನಿಲ್ಲುವುದು, ಬೆನ್ನು ಬಾಗಿಸಿ ನಡೆಯುವುದು, ಗೊರಸಿನ ಅಡಿಯಲ್ಲಿ ಕೆಂಪು ಕಲೆ. ಹಾಗೆ ಕಂಡರೆ ಗಟ್ಟಿ ಸಿಮೆಂಟಿನಿಂದ ಮಣ್ಣಿನ ನೆಲಕ್ಕೆ ಕಟ್ಟಿ, ಗೊರಸು ಕತ್ತರಿಸುವವರನ್ನು ಕರೆಸಿ.